ದೋಣಿಗಾಡಿ ನಿಲ್ಲಿಸುವ ಬ್ರೇಕಕ್ಕ

ಬೆಳಕು ಇನ್ನೂ ಪೂರ್ತಿ ಕಣ್ಣು ಬಿಟ್ಟಿಲ್ಲ. ದೋಣಿ ಹೊತ್ತು ನಿಂತ ಗಾಡಿಯ ಅಡಿಯಿಂದ ಎರಡು ಪಾದಗಳಷ್ಟೇ ಹೊರಗೆ ಕಾಣುತ್ತಿವೆ. ಒಳಗಿನಿಂದ ದನಿ ಬರುತ್ತದೆ: "ಒತ್ತು... ಹಿಡ್ಕೋ... ಬಿಡು." ಗಾಡಿಯ ಮೂತಿಯ ಬಳಿ ಕುಕ್ಕರಗಾಲಲ್ಲಿ ಕೂತ ದೋಣಿಯ ಯಜಮಾನ ಹಿಡಿಯನ್ನು ಒತ್ತುತ್ತಾನೆ, ಹಿಡಿಯುತ್ತಾನೆ, ಬಿಡುತ್ತಾನೆ. ಬ್ರೇಕಿನ ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿ ಗುಳ್ಳೆಗುಳ್ಳೆಯಾಗಿ ಹೊರಬೀಳುತ್ತದೆ.

"ಇನ್ನೊಂದ್ಸಲ ಒತ್ತಪ್ಪ. ಹೊಟ್ಟೇಲಿ ಗಾಳಿ ತುಂಬ್ಕೊಂಡ ಬ್ರೇಕು, ಬಾಯ್ತುಂಬ ಬಡಾಯಿ ಕೊಚ್ಚೋ ಮನುಷ್ಯ, ಎರಡೂ ಬೇಕಾದ ಹೊತ್ತಿಗೇ ಕೈಕೊಡ್ತವೆ."

ಹೀಗೆನ್ನುತ್ತ ಹೊರಬರುವ ಐವತ್ತೆರಡರ ಈ ಹೆಂಗಸನ್ನು ದಡದವರೆಲ್ಲ ಕರೆಯುವುದು ಬ್ರೇಕಕ್ಕ ಎಂದೇ. ಮೂವತ್ತು ವರ್ಷಗಳಿಂದ ಅವರ ಕೆಲಸ ಒಂದೇ: ಉರುಳುವುದನ್ನು ನಿಲ್ಲಿಸುವುದು. ತಿಂಗಳಿಗೆ ಹತ್ತು ಹನ್ನೆರಡು ಗಾಡಿಗಳು ಅವರ ಕೈ ಹಾದುಹೋಗುತ್ತವೆ. ದೋಣಿಯೂ ಸೇರಿ ನಾಲ್ಕು ಟನ್ ತೂಗುವ ಈ ಗಾಡಿಯಷ್ಟು ಭಾರದ್ದು ಮಾತ್ರ ಇದೇ ಮೊದಲು.

ಇದರ ಕಥೆಯನ್ನು ಹೇಳಲೇಬೇಕು. ಮಳೆಗಾಲಕ್ಕೆ ದೋಣಿ ಇಡುವ ಗುಡ್ಡದಿಂದ ದಡಕ್ಕೆ ಕಡಿದಾದ ರಸ್ತೆ. ಅದರ ಕೊನೆಯ ತಿರುವಿನಲ್ಲಿ ಬಲೆ ಹೆಣೆಯುವವರ ಚಪ್ಪರ. ಕಳೆದ ವರ್ಷ ಇದೇ ಗಾಡಿ ಮುಂದಿದ್ದ ಟ್ರ್ಯಾಕ್ಟರನ್ನೇ ನೂಕಿಕೊಂಡು ಜಾರಿ, ಚಪ್ಪರದ ಎರಡು ಕಂಬ ಮುರಿಯಿತು. ಅಲ್ಲಿ ಕೂತಿದ್ದ ಬಲೆಯಜ್ಜಿ ಎದ್ದು ಓಡಿದ್ದರಿಂದ ಉಳಿದರು. ಅಂದಿನಿಂದ ಯಾವ ಗಾಡಿಯ ಸದ್ದು ಕೇಳಿದರೂ ಅಜ್ಜಿ ಬಲೆ ಬಿಸುಟು ಏಳುತ್ತಾರೆ. ದಡದ ಹಿರಿಯರದ್ದೂ ಒಂದೇ ಮಾತು: ಹೊರೆ ಹೊತ್ತು ಇಳಿಜಾರಿನಲ್ಲಿ ಮೂರು ಸಲ ನಿಂತು ತೋರಿಸಲಿ, ನಿಲ್ಲದಿದ್ದರೆ ಈ ವರ್ಷ ದೋಣಿ ಗುಡ್ಡದ ಮೇಲೇ ಇರಲಿ.

ಬ್ರೇಕಕ್ಕ ಹನ್ನೊಂದು ದಿನ ದುಡಿದಿದ್ದಾರೆ. ಉಪ್ಪುನೀರು ಕುಡಿದು ಕೊಳೆತಿದ್ದ ಹಳೆಯ ಡ್ರಮ್ ಬ್ರೇಕುಗಳನ್ನು ಕಿತ್ತು, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಕೂರಿಸಿದ್ದಾರೆ. ಟ್ರ್ಯಾಕ್ಟರ್ ನಿಧಾನಿಸಿದಾಗ ಹಿಂದಿನ ಗಾಡಿ ಮುಂದಕ್ಕೆ ನೂಕುತ್ತದಲ್ಲ, ಆ ನೂಕಿಗೇ ಬ್ರೇಕು ಹಿಡಿಯುತ್ತದೆ. "ಅದರ ಸೊಕ್ಕನ್ನೇ ಅದಕ್ಕೆ ಮೂಗುದಾರ ಮಾಡೋದು, ಅಷ್ಟೇ" ಎನ್ನುತ್ತಾರೆ.

ಹಿರಿಯರು ಬರುವ ಮುಂಚೆ ರಸ್ತೆಯ ಮೇಲ್ಭಾಗದ ಸಣ್ಣ ಇಳಿಜಾರಿನಲ್ಲಿ ತಾವೇ ಒಮ್ಮೆ ನೋಡಿಕೊಳ್ಳುತ್ತಾರೆ. ಗಾಡಿ ನಿಲ್ಲುತ್ತದೆ, ಆದರೆ ನಿಲ್ಲಬೇಕಾದ ಗುರುತಿನಿಂದ ಹದಿನೈದು ಅಡಿ ಆಚೆ! ಬ್ರೇಕಕ್ಕ ಚಕ್ರದ ಬಳಿ ಕೂತು, ಡಿಸ್ಕಿನ ಅಂಚನ್ನು ಬೆರಳಲ್ಲಿ ಸವರಿ ಮೂಸುತ್ತಾರೆ.

"ಇದಕ್ಕೆ ಎಣ್ಣೆಸ್ನಾನ ಮಾಡ್ಸಿದ ಪುಣ್ಯಾತ್ಮ ಯಾರು?"

ಯಜಮಾನನ ಭಾವಮೈದ ತಲೆ ಕೆರೆದುಕೊಳ್ಳುತ್ತಾನೆ. ನಲವತ್ತು ದಾಟಿದ ಆಸಾಮಿ. "ನಾನೇ ಅಕ್ಕ. ಹೊಸಾದು, ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತಲ್ಲ ಅಂತ ನಿನ್ನೆ ಸಂಜೆ ಹಚ್ದೆ. ನಾಲ್ಕಕ್ಕೂ. ಒಂಚೂರೂ ಬಿಟ್ಟಿಲ್ಲ."

"ಕಂತ್ರಿ! ಲಂಗರಿಗೆ ಹಚ್ಚು ಅಂದ್ರೆ ನಾಳೆ ಅಂತೀಯ, ಇದಕ್ಕೆ ಹಚ್ಚೋಕೆ ನಿಂಗೆ ಹೇಳ್ದೋರ್ಯಾರು?" ಯಜಮಾನ ಹಣೆ ಚಚ್ಚಿಕೊಳ್ಳುತ್ತಾನೆ.

ಬ್ರೇಕಕ್ಕ ಮಾತ್ರ ನಗುತ್ತಾರೆ. ದಡದವರಿಗೆ ಕಬ್ಬಿಣ ಕಂಡಲ್ಲಿ ಎಣ್ಣೆ ಹಚ್ಚುವುದು ಹುಟ್ಟುಗುಣ. "ಬಿಡಪ್ಪ, ಬೈಬೇಡ. ನಾನೂ ಹತ್ತು ವರ್ಷದೋಳಿದ್ದಾಗ ಅಪ್ಪನ ಸೈಕಲ್ ಅಂಗಡೀಲಿ ಗಿರಾಕಿ ಮೇಷ್ಟ್ರ ಸೈಕಲ್ಲಿನ ಚಕ್ರ ಫಳಫಳ ಹೊಳೀಲಿ ಅಂತ ಎಣ್ಣೆ ಬಳ್ದಿದ್ದೆ. ಪಾಪ, ಮೇಷ್ಟ್ರು. ನೆಟ್ಟಗೆ ಹೋಗಿ ಬೇಲೀಲಿ ನಿಂತ್ರು! ಅಪ್ಪ ಹೊಡೀಲಿಲ್ಲ. 'ಮಗಳೇ, ಜಾರೋದಕ್ಕೆ ಎಣ್ಣೆ ಬೇಕು, ನಿಲ್ಲೋದಕ್ಕೆ ಒರಟುತನ ಬೇಕು' ಅಂದ್ರು."

ಡಿಸ್ಕನ್ನು ಕಚ್ಚಿ ಹಿಡಿಯುವ ಪ್ಯಾಡುಗಳು ಎಣ್ಣೆ ಕುಡಿದರೆ ಮತ್ತೆ ಕೆಲಸಕ್ಕೆ ಬಾರವು. ಬ್ರೇಕಕ್ಕನ ಚೀಲದಲ್ಲಿ ನಾಲ್ಕೂ ಚಕ್ರಕ್ಕಾಗುವಷ್ಟು ಹೊಸ ಪ್ಯಾಡು ಸದಾ ಇರುತ್ತವೆ, ಮೇಷ್ಟ್ರ ನೆನಪಿಗೆ. ಡಿಸ್ಕುಗಳನ್ನು ಉಜ್ಜಿ ಉಜ್ಜಿ ಒರೆಸುವ ಶಿಕ್ಷೆ ಭಾವಮೈದನಿಗೆ. ಬಿಸಿಲೇರುವ ಹೊತ್ತಿಗೆ ಎಂಟು ಹೊಸ ಪ್ಯಾಡುಗಳು ಕೂತಿವೆ. ಸಣ್ಣ ಇಳಿಜಾರಿನಲ್ಲಿ ಮತ್ತೆ ಮತ್ತೆ ಓಡಿಸಿ, ನಿಲ್ಲಿಸಿ ಅವನ್ನು ಪಳಗಿಸಿದ್ದೂ ಆಗಿದೆ. ಬ್ರೇಕಕ್ಕ ಚಕ್ರದ ಮೇಲೆ ಅಂಗೈಯಿಟ್ಟು ಒಂದು ಗಳಿಗೆ ಕಣ್ಣು ಮುಚ್ಚುತ್ತಾರೆ. "ಓಡ್ಸೋನು ದೇವ್ರು. ನಿಲ್ಸೋ ಕೆಲ್ಸ ನಮಗೆ ಬಿಟ್ಟಿದಾನೆ."

ಹಿರಿಯರು ಸಾಲಾಗಿ ನಿಂತಿದ್ದಾರೆ. ಟ್ರ್ಯಾಕ್ಟರಿನ ಹಿಂದೆ ಗಾಡಿ ಇಳಿಯುತ್ತದೆ. ಮೊದಲ ಗುರುತಿನಲ್ಲಿ ನಿಲ್ಲುತ್ತದೆ. ಕಡಿದಾದ ಎರಡನೆಯದರಲ್ಲೂ ನಿಲ್ಲುತ್ತದೆ. ಮೂರನೆಯದು ಚಪ್ಪರದ ಮುಂದಿನ ತಿರುವು. ನಾಲ್ಕು ಟನ್ ಭಾರ ಸಾಕಿದ ಎತ್ತಿನಂತೆ ತಲೆ ಬಾಗಿಸಿ, ಗೆರೆಯ ಮೇಲೆ ಚಕ್ರವಿಟ್ಟು ನಿಂತುಬಿಡುತ್ತದೆ! ಶಿಳ್ಳೆ, ಚಪ್ಪಾಳೆ. ಭಾವಮೈದ ಕುಣಿಯುತ್ತಾನೆ. ದೋಣಿ ನೀರಿನತ್ತ ಸಾಗುತ್ತದೆ, ಜನರೆಲ್ಲ ಅದರ ಹಿಂದೆ.

ಬ್ರೇಕಕ್ಕ ದೋಣಿಯನ್ನು ನೋಡುತ್ತಿಲ್ಲ. ಅವರ ಕಣ್ಣು ಚಪ್ಪರದ ಕಡೆಗಿದೆ. ಬಲೆಯಜ್ಜಿ ಕೂತಲ್ಲೇ ಕೂತಿದ್ದಾರೆ. ಬೆರಳುಗಳು ಗಂಟು ಹಾಕುತ್ತಲೇ ಇವೆ. "ಏನೇ, ಆ ಆನೆನ ತಂದು ನನ್ ಬೆಳಕಿಗೇ ಅಡ್ಡ ನಿಲ್ಲಿಸ್ಬೇಕಿತ್ತಾ?" ಎಂದು ಗೊಣಗುತ್ತಾರೆ.

ಅವರ ಬಗ್ಗೆ ಬರೆಯಲು ಬಂದ ನಾನು, ನಿಮ್ಮ ಆಸೆಯೇನು ಎಂದು ಕೇಳುತ್ತೇನೆ. ಬ್ರೇಕಕ್ಕ ಕೈ ಒರೆಸಿಕೊಳ್ಳುತ್ತ ಅಜ್ಜಿಯತ್ತ ಗಲ್ಲ ಎತ್ತಿ ತೋರಿಸುತ್ತಾರೆ.

"ನೋಡಿದ್ರಲ್ಲ? ಅಜ್ಜಿ ಏಳ್ಲಿಲ್ಲ."