ಕರೆಂಟ್ ಹೋದ ಮೇಲೂ ನಿಲ್ಲದ ಹಾಡು

ಕ್ಯಾಸೆಟ್ಟಿನಲ್ಲಿ ಸತ್ತವರ ದನಿ ಕೇಳುತ್ತಿದೆ ಎಂದು ಯಾರಾದರೂ ಬಂದು ಹೇಳಿದರೆ, ಟೇಪಿನ ಹೆಡ್ಡು ಒರೆಸಿ ಎಷ್ಟು ದಿನವಾಯಿತು ಎಂದು ಕೇಳುತ್ತಿದ್ದವನು ನಾನು. ಸಿಂಧನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹಾಡು ತುಂಬಿಸಿಕೊಡುವ ಅಂಗಡಿ ಇಟ್ಟಿದ್ದೆ. ಜನ ಖಾಲಿ ಕ್ಯಾಸೆಟ್ ಕೊಟ್ಟು, ಬೇಕಾದ ಹಾಡು ಹೇಳಿ ಹೋಗುತ್ತಿದ್ದರು. ಒಮ್ಮೆ ಸಾಲಗುಂದದವರೊಬ್ಬರು, ತೀರಿಹೋದ ತಮ್ಮ ತಂದೆ ಭಜನೆಯ ನಡುವೆ ಕೆಮ್ಮುತ್ತಾರೆ ಎಂದು ಒಂದು ಕ್ಯಾಸೆಟ್ ತಂದಿದ್ದರು. ಕೆಮ್ಮು ನಿಜವಾಗಿಯೂ ಇತ್ತು. ಹಿಂದೆಂದೋ ಮನೆಯಲ್ಲಿ ರೆಕಾರ್ಡ್ ಮಾಡಿದ್ದು ಪೂರ್ತಿ ಅಳಿಸಿರಲಿಲ್ಲ, ಅಷ್ಟೆ. ಯಂತ್ರದಿಂದ ಬರುವ ದನಿಗೆ ಯಂತ್ರದಲ್ಲೇ ಕಾರಣವಿರುತ್ತದೆ ಎಂದು ನಂಬಿದ್ದೆ. ಈಗಲೂ ಬಹುಮಟ್ಟಿಗೆ ನಂಬುತ್ತೇನೆ. ಆದ್ದರಿಂದ ಮುಂದೆ ಹೇಳುವುದನ್ನು ನೀವು ನಂಬಲೇಬೇಕೆಂದು ನಾನು ಒತ್ತಾಯಿಸುವುದಿಲ್ಲ.

ನಮ್ಮೂರು ಬಳಗಾನೂರು. ನನಗೊಬ್ಬ ತಂಗಿಯಿದ್ದಳು, ನೀಲಾ. ಎಂಬತ್ತರ ದಶಕದಲ್ಲಿ, ನಾನು ಮಸ್ಕಿಯ ಹಾಸ್ಟೆಲ್ಲಿನಲ್ಲಿದ್ದು ಹೈಸ್ಕೂಲು ಓದುತ್ತಿದ್ದಾಗ, ಅವಳು ಜ್ವರ ಬಂದು ತೀರಿಕೊಂಡಳು. ನಾನು ಊರು ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಬಂದಿದ್ದರು. ಅಪ್ಪ ಕೈಕಾಲು ತೊಳೆಯುತ್ತಿದ್ದ. ಅವ್ವ ಗೋಡೆಗೆ ಒರಗಿ ಕೂತಿದ್ದಳು. ನಾನು ಚೀಲ ಇಳಿಸಿ ಅವಳ ಪಕ್ಕದಲ್ಲಿ ಕೂತೆ. ಅಳು ಬರಲಿಲ್ಲ. ಯಾರೋ ಉಣ್ಣಲು ಕರೆದರು, ಎದ್ದು ಉಂಡೆ.

ಅವ್ವ ಹಾಡುವವಳಾಗಿದ್ದಳು. ನೆಲ್ಲು ಹಚ್ಚುವಾಗ ಗದ್ದೆಯಲ್ಲಿ ಮೊದಲ ಸೊಲ್ಲು ಅವಳದೇ, ಉಳಿದ ಹೆಂಗಸರು ಹಿಂದಿನಿಂದ ಎತ್ತಿಕೊಳ್ಳುತ್ತಿದ್ದರು. ಮದುವೆ ಮನೆಗಳಿಗೂ ಕರೆಯುತ್ತಿದ್ದರು. ನೀಲಾ ಹೋದ ಮೇಲೆ ಅವಳು ಹಾಡಲಿಲ್ಲ. ಬಿಟ್ಟೆ ಎಂದು ಯಾರಿಗೂ ಹೇಳಲೂ ಇಲ್ಲ. ಕೆಲಸಕ್ಕೆ ಹೋಗುತ್ತಿದ್ದಳು, ಬರುತ್ತಿದ್ದಳು, ಅಡಿಗೆ ಮಾಡುತ್ತಿದ್ದಳು. ನೀಲಾಳ ಹೆಸರನ್ನು ನಮ್ಮಲ್ಲಿ ಯಾರೂ ಎತ್ತುತ್ತಿರಲಿಲ್ಲ. ಮನೆಯಲ್ಲಿ ದುಃಖವಿತ್ತು ಎಂದು ಹೇಳಿದರೂ ಸುಳ್ಳಾಗುತ್ತದೆ. ಏನೂ ಇರಲಿಲ್ಲ. ಹೀಗೆ ವರ್ಷಗಳು ಕಳೆದವು.

ನಾನು ಹೇಳಹೊರಟಿರುವ ದಿನ ತೊಂಬತ್ತರ ದಶಕದ ಕೊನೆಯಲ್ಲಿ ಬಂತು. ಅವ್ವನ ಬಲಗೈ ಜೋಮು ಹಿಡಿದಂತಾಗಿ ಕೆಲವು ವಾರಗಳಾಗಿದ್ದವು. ಬೆಳಗಿನ ಬಸ್ಸಿಗೆ ಅವಳನ್ನು ಸಿಂಧನೂರಿಗೆ ಕರೆತಂದಿದ್ದೆ. ಡಾಕ್ಟರು ಸಂಜೆಗೆ ಸಿಗುತ್ತಾರೆ ಎಂದರು. ಅಲ್ಲಿಯವರೆಗೆ ಅಂಗಡಿಯಲ್ಲಿ ಕೂರಿಸಿದೆ. ಬೇಸಿಗೆಯ ಮಧ್ಯಾಹ್ನ, ಗಿರಾಕಿಗಳಿರಲಿಲ್ಲ. ಅವ್ವ ಫ್ಯಾನಿನ ಕೆಳಗೆ ಸ್ಟೂಲಿನ ಮೇಲೆ ಕೂತು ಎಡಗೈಯಿಂದ ಬಲಗೈ ತಿಕ್ಕಿಕೊಳ್ಳುತ್ತಿದ್ದಳು.

ಆಗ ವೀರೇಶ ಬಂದ. ಲಿಂಗಸುಗೂರಿನವನು, ಮಸ್ಕಿಯ ಹಾಸ್ಟೆಲ್ಲಿನಲ್ಲಿ ನನ್ನ ಜೊತೆಗಾರ. ಪುಣೆಯಲ್ಲಿ ಕೆಲಸಕ್ಕಿದ್ದ. ಊರಿಗೆ ಬಂದಾಗಲೆಲ್ಲ ನಮ್ಮ ಕಡೆ ಯಾರೂ ಕೇಳದ ಇಂಗ್ಲಿಷ್ ಕ್ಯಾಸೆಟ್ ತಂದು, ನನಗೆ ತೋರಿಸಿ, ಒಂದು ಪ್ರತಿ ತೆಗೆಸಿಕೊಂಡು ಹೋಗುತ್ತಿದ್ದ. ಈ ಸಲ ತಂದದ್ದು ಗೋಥಿಕ್ ಮೆಟಲ್ ಎಂಬ ಬಗೆಯ ಸಂಗೀತವಂತೆ. ಚಳಿಯ ದೇಶವೊಂದರ ಹುಡುಗರ ತಂಡ, ಮುಂದೆ ನಿಂತು ಹಾಡುವವಳು ಒಬ್ಬ ಹುಡುಗಿ, ಇದು ಅವರ ಮೊದಲ ಆಲ್ಬಂ ಎಂದೆಲ್ಲ ಹೇಳಿದ. ತಂಡದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಡೆದದ್ದಕ್ಕೂ ಅವರಿಗೂ ಸಂಬಂಧವಿಲ್ಲ, ಅಥವಾ ಇದ್ದರೂ ಅವರಿಗೆ ಗೊತ್ತಿಲ್ಲ. ಕ್ಯಾಸೆಟ್ಟಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ವೀರೇಶ ನನ್ನೆದುರೇ ಹಲ್ಲಿನಿಂದ ಕಚ್ಚಿ ಹರಿದ. ಅವನೂ ಅದನ್ನು ಅಲ್ಲಿಯವರೆಗೆ ಕೇಳಿರಲಿಲ್ಲ. ಪ್ರತಿ ತೆಗೆಯುವ ಮೊದಲು ಒಮ್ಮೆ ಪೂರ್ತಿ ಕೇಳೋಣ ಎಂದು ಟೇಪ್ ಡೆಕ್ಕಿಗೆ ಹಾಕಿದೆ.

ಮೊದಲ ಹಾಡು ಗದ್ದಲವೆನಿಸಿತು. ಗಿಟಾರುಗಳು ಟ್ರ್ಯಾಕ್ಟರ್ ಏರು ಹತ್ತುವಂತೆ ಮೊರೆಯುತ್ತಿದ್ದವು. ಅದರ ನಡುವೆ ಆ ಹುಡುಗಿ ಅವಸರವಿಲ್ಲದೆ, ತನಗೂ ಆ ಗದ್ದಲಕ್ಕೂ ಏನೂ ಇಲ್ಲವೆಂಬಂತೆ ಹಾಡುತ್ತಿದ್ದಳು. ಅವ್ವನಿಗೆ ತ್ರಾಸಾದೀತೆಂದು ಆವಾಜು ಕಡಿಮೆ ಮಾಡಿದೆ. ಎರಡನೆಯದೋ ಮೂರನೆಯದೋ ಹಾಡು ಶುರುವಾಯಿತು. ಇದರಲ್ಲಿ ಚರ್ಚಿನ ಆರ್ಗನ್ನಿನಂಥ ವಾದ್ಯವೊಂದು ಮೆಲ್ಲಗೆ ಬಂತು, ಹುಡುಗಿ ಮಾತಿಲ್ಲದೆ ಬರೀ ರಾಗ ಎಳೆದಳು. ಅವ್ವ ಕೈ ತಿಕ್ಕುವುದನ್ನು ನಿಲ್ಲಿಸಿದಳು.

"ಇದು ನಮ್ಮ ನೀಲಾನ ಹಾಡು," ಅಂದಳು.

ಅಷ್ಟು ವರ್ಷಗಳ ಮೇಲೆ ಆ ಹೆಸರು ಅವಳ ಬಾಯಲ್ಲಿ ಬಂದದ್ದಕ್ಕೇ ನಾನು ತಿರುಗಿ ನೋಡಿದೆ. ಅವ್ವ ಡೆಕ್ಕನ್ನೇ ನೋಡುತ್ತಿದ್ದಳು.

"ಎಮ್ಮಿ ಕಾಯಾಕ ಹೋದಾಗ ಕಾಲುವಿ ದಂಡಿಮ್ಯಾಲ ಕುಂತು ಇದನ್ನ ಹಾಡತಿದ್ಲು. ಯಾರ ಕಲಿಸ್ಯಾರ ಅಂದ್ರ, ಯಾರೂ ಕಲಿಸಿಲ್ಲ ಅಂತಿದ್ಲು."

ರಜೆಗಷ್ಟೇ ಊರಿಗೆ ಹೋಗುತ್ತಿದ್ದ ನನಗೆ ನೀಲಾ ಹಾಡುತ್ತಿದ್ದದ್ದೇ ನೆನಪಿರಲಿಲ್ಲ. ವೀರೇಶ ನನ್ನ ಮುಖ ನೋಡಿದ. ಅವ್ವ ಬಾಯಿ ಮುಚ್ಚಿಕೊಂಡೇ ಗುನುಗತೊಡಗಿದಳು, ಟೇಪಿನ ಜೊತೆ ಜೊತೆಗೇ. ಕೇಳಿ ಹಿಂಬಾಲಿಸುವವರು ಒಂದಿಷ್ಟು ಹಿಂದೆ ಬೀಳುತ್ತಾರೆ. ಅವಳು ಬೀಳಲಿಲ್ಲ.

ಆ ಹೊತ್ತಿಗೆ ಕರೆಂಟ್ ಹೋಯಿತು. ಬೇಸಿಗೆಯಲ್ಲಿ ಅದು ದಿನದ ಮಾತು. ಟೇಪು ನಿಧಾನವಾಗಿ, ಹುಡುಗಿಯ ದನಿ ಗಂಡಸಿನ ದನಿಯಂತೆ ದಪ್ಪಗಾಗಿ ನಿಂತುಹೋಯಿತು. ಫ್ಯಾನೂ ನಿಂತಿತು. ಗುನುಗು ಮಾತ್ರ ನಿಲ್ಲಲಿಲ್ಲ. ರಾಗ ಮೇಲೇರುತ್ತ ಹೋಗಿ, ಇನ್ನೇನು ತುದಿ ಮುಟ್ಟಬೇಕು ಎನ್ನುವಲ್ಲಿ ಮುಟ್ಟದೆ ಥಟ್ಟನೆ ಕೆಳಗಿಳಿದು, ಅಲ್ಲೇ ನಿಂತು, ಮತ್ತೆ ಬೇರೆಲ್ಲಿಂದಲೋ ಎದ್ದಿತು. ನಮ್ಮ ಕಡೆಯ ಯಾವ ಹಾಡಿನಲ್ಲೂ ಅಂಥ ತಿರುವು ನಾನು ಕೇಳಿಲ್ಲ, ಆಮೇಲೆ ಹುಡುಕಿದ್ದೇನೆ. ಗುನುಗು ಕೊನೆಯವರೆಗೂ ಹೋಗಿ ತಾನಾಗಿ ಮುಗಿಯಿತು. ಅಂಗಡಿಯ ಮುಂದೆ ಒಂದು ಎತ್ತಿನ ಗಾಡಿ ಹಾದುಹೋಯಿತು.

ಡೆಕ್ಕಿನ ಪ್ಲೇ ಗುಂಡಿ ಒತ್ತಿದಂತೆಯೇ ಇತ್ತು. ಕರೆಂಟ್ ಮರಳಿ ಬಂದಾಗ ಟೇಪು ನಿಂತಲ್ಲಿಂದಲೇ ತೊದಲುತ್ತ ಎದ್ದಿತು. ಹುಡುಗಿಯ ದನಿ ಮೇಲೇರಿತು. ತುದಿ ಮುಟ್ಟಬೇಕಾದಲ್ಲಿ ಮುಟ್ಟದೆ ಥಟ್ಟನೆ ಕೆಳಗಿಳಿಯಿತು, ನಿಂತಿತು, ಬೇರೆಲ್ಲಿಂದಲೋ ಎದ್ದಿತು. ವೀರೇಶ ಮೆಟ್ಟಿಲ ಮೇಲೆ ಕೂತುಬಿಟ್ಟ. ನನಗೆ ಭಯವಾಗಬೇಕಿತ್ತು. ನಿಜ ಹೇಳಬೇಕೆಂದರೆ ಆಗಲಿಲ್ಲ. ಊರಿಗೆ ಬಂದು ಅವ್ವನ ಪಕ್ಕ ಕೂತ ದಿನ ಹೇಗಿತ್ತೋ ಹಾಗೇ ಇತ್ತು, ಒಳಗೆ ಏನೂ ಅಲುಗಲಿಲ್ಲ.

ಅವ್ವ ಕ್ಯಾಸೆಟ್ಟಿನ ಡಬ್ಬಿ ಕೇಳಿದಳು. ಮೇಲಿನ ಚಿತ್ರದಲ್ಲಿ ಕಪ್ಪು ಉಡುಪಿನ, ತುಟಿಗೂ ಕಪ್ಪು ಬಳಿದುಕೊಂಡ ಬಿಳಿಚು ಮುಖದ ಹುಡುಗಿಯಿದ್ದಳು. ಅವ್ವ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಎಲ್ಲಿಯವಳು ಎಂದು ಕೇಳಿದಳು. ಭಾಳ ದೂರದ ದೇಶದಾಕಿ ದೊಡ್ಡವ್ವ, ಎಂದು ವೀರೇಶ ಮೆತ್ತಗೆ ಹೇಳಿದ.

"ಎಷ್ಟು ಸೊರಗ್ಯಾಳ," ಅಂದಳು ಅವ್ವ. "ಉಣ್ಣಾಕ ಹಾಕ್ತಾರೋ ಇಲ್ಲೋ."

ಡಬ್ಬಿ ಮರಳಿ ಕೊಟ್ಟಳು. ಸಂಜೆ ಡಾಕ್ಟರು ನೋಡಿ, ಅಂಥದ್ದೇನೂ ಇಲ್ಲವೆಂದು ಗುಳಿಗೆ ಬರೆದುಕೊಟ್ಟರು. ಕೈ ಹಾಗೇ ಉಳಿಯಿತು. ನಾನು ಆ ಆಲ್ಬಮ್ಮಿನ ಒಂದು ಪ್ರತಿ ಇಟ್ಟುಕೊಂಡಿದ್ದೆ. ಬೇಕಾದರೆ ಮನೆಗೆ ತಂದು ಹಾಕುತ್ತೇನೆ ಎಂದು ಅವ್ವನಿಗೆ ಹೇಳಿದಾಗ, "ಬ್ಯಾಡ, ಕೇಳೀನಲ್ಲ" ಅಂದಳು. ಮತ್ತೆ ಆ ಸುದ್ದಿ ತೆಗೆಯಲಿಲ್ಲ.

ನಾನು ಸುಮ್ಮನಿರಲಿಲ್ಲ. ಕಾರಣ ಹುಡುಕಿದೆ. ಮಗಳನ್ನು ಕಳೆದುಕೊಂಡ ತಾಯಿಗೆ ಯಾವ ರಾಗವೂ ಮಗಳದೇ ಅನ್ನಿಸಬಹುದು. ಆದರೆ ಮುಂದೆ ಬರುವ ತಿರುವು ಹೇಗೆ ಅನ್ನಿಸೀತು? ಮೊದಲೆಲ್ಲೋ ಕೇಳಿದ್ದಳೆಂದರೆ, ಆಲ್ಬಮ್ಮೇ ಹೊಸದು. ಒಂದು ಚರಣ ಕೇಳಿದರೆ ಮುಂದಿನದು ಊಹಿಸಬಹುದು ಎನ್ನುವವರಿದ್ದಾರೆ, ಆದರೆ ಆ ಭಾಗ ಹಾಡಿನಲ್ಲಿ ಅದಕ್ಕೂ ಮುಂಚೆ ಬಂದೇ ಇರಲಿಲ್ಲ. ಪರಿಚಿತರೊಬ್ಬರು ಪುನರ್ಜನ್ಮ ಅಂದರು. ಆ ಹಾಡುಗಾರ್ತಿ ನೀಲಾ ಬದುಕಿದ್ದರೆ ಎಷ್ಟು ದೊಡ್ಡವಳಾಗಿರುತ್ತಿದ್ದಳೋ ಅಷ್ಟೇ ದೊಡ್ಡವಳು. ಇಬ್ಬರೂ ಒಂದೇ ಕಾಲಕ್ಕೆ ಹುಟ್ಟಿದವರು. ಅದೂ ಕೂಡಿ ಬರುವುದಿಲ್ಲ.

ಕೆಲವು ವರ್ಷಗಳ ಮೇಲೆ ಅವ್ವ ತೀರಿಕೊಂಡಳು. ವೀರೇಶ ಮಾತಾಡಿಸಲು ಬಳಗಾನೂರಿಗೆ ಬಂದಿದ್ದ. ತಿರುಗಿ ಹೊರಟಾಗ ಬಸ್ಸಿಗೆ ಬಿಡಲು ಅವನ ಜೊತೆ ನಡೆದೆ. ಆ ಮಧ್ಯಾಹ್ನ ಕರೆಂಟ್ ಇಲ್ಲದಾಗ ಅವ್ವ ಹಾಡಿದ್ದನ್ನು ಒಂದು ಖಾಲಿ ಕ್ಯಾಸೆಟ್ಟಿಗೆ ಹಿಡಿದಿಡಲಾಗಲಿಲ್ಲವಲ್ಲ ಎಂದೆ. ಅವನು ನಡೆಯುತ್ತಿದ್ದವನು ನಿಂತ.

"ನಿಮ್ಮವ್ವ ಎಲ್ಲಿ ಹಾಡಿದ್ಲಲೇ?" ಅಂದ. "ಕರೆಂಟ್ ಹೋದಕೂಡ್ಲೆ ಆಕಿ ಸುಮ್ಮಾಗಿದ್ಲು. ಮುಂದಿಂದೆಲ್ಲ ಹಾಡಿದಾವ ನೀನು."

ನಾನು ಅಲ್ಲವೆಂದೆ. ಅವನು ತಮಾಷೆ ಮಾಡುವವನಲ್ಲ, ಮಾಡುವ ಸಮಯವೂ ಅದಾಗಿರಲಿಲ್ಲ. ಅವ್ವ ಅಷ್ಟೂ ಹೊತ್ತು ನನ್ನ ಬಾಯಿಯನ್ನೇ ನೋಡುತ್ತ ಕೂತಿದ್ದಳು, ಕೊನೆಗೆ ಅದನ್ನು ನೋಡಲಾಗದೆ ತಾನು ಮೆಟ್ಟಿಲಿಗೆ ಹೋಗಿ ಕೂತೆ ಎಂದ. ಅಷ್ಟರಲ್ಲಿ ಬಸ್ಸು ಬಂತು. ನನ್ನ ಹೆಗಲು ಮುಟ್ಟಿ ಹತ್ತಿಹೋದ.

ಇಬ್ಬರಲ್ಲಿ ಯಾರ ನೆನಪು ಸರಿ, ನನಗೆ ತಿಳಿಯದು. ಆ ಹಾಡನ್ನು ಈಗಲೂ ಆಗೊಮ್ಮೆ ಈಗೊಮ್ಮೆ ಹಾಕಿ, ಆ ತಿರುವು ಬರುವ ಮುಂಚೆ ನಿಲ್ಲಿಸಿ, ಮುಂದಕ್ಕೆ ಗುನುಗಲು ನೋಡುತ್ತೇನೆ. ಇಷ್ಟು ಸಲ ಕೇಳಿದ ಮೇಲೆ ಯಾರಿಗಾದರೂ ಬರಬೇಕು. ನನಗೆ ಬರುವುದಿಲ್ಲ. ಬಾಯಿ ತೆರೆದುಕೊಂಡು ಹಾಗೇ ಕೂತಿರುತ್ತೇನೆ.