ಎಡಗಾಲಿನ ಹಿಮ್ಮಡಿ

ಮೊದಲ ಹಿಮ ಬಿದ್ದು ಕರಗಿತು. ಎರಡನೆಯದು ಬಿದ್ದು ನೆಲದಲ್ಲೇ ನಿಂತಿತು. ಅತ್ತೆಯ ಪೊಟ್ಟಣ ಮಾತ್ರ ಬರಲಿಲ್ಲ.

ಇದೂ ಒಂದು ಚಿಂತೆಯೇ ಎಂದು ಯಾರಾದರೂ ಕೇಳಬಹುದು. ನನ್ನ ಗಂಡ ತುವೊಮಾಸ್ ಕೇಳಿಯೂ ಆಗಿದೆ. ಆದರೆ ಹೋದ ವರ್ಷ ನಮ್ಮ ಐಲಿ ಇನ್ನೂ ನನ್ನ ಹೊಟ್ಟೆಯಲ್ಲಿದ್ದಾಗಲೇ ಅತ್ತೆಯ ಊರು ಈಸಲ್ಮಿಯಿಂದ ಪೊಟ್ಟಣ ಬಂದಿತ್ತು. ನನಗೊಂದು ಜೊತೆ ಉಣ್ಣೆ ಕಾಲುಚೀಲ, ಅವನಿಗೊಂದು ಜೊತೆ, ಹುಟ್ಟದ ಕೂಸಿಗೆ ಹೆಬ್ಬೆರಳಿನಷ್ಟು ಗಾತ್ರದ ಒಂದು ಜೊತೆ. ಮೂರಕ್ಕೂ ಹಿಮ್ಮಡಿಯ ಸುತ್ತ ಒಂದೇ ಒಂದು ಸಾಲು ಕೆಂಪು ಎಳೆ. ಅದು ನನ್ನ ಅತ್ತೆ ಹಿಲ್ಕಾರ ರುಜು. ಚಳಿಗಾಲ ಶುರುವಾಯಿತೆಂದು ನಮಗೆ ಗೊತ್ತಾಗುತ್ತಿದ್ದುದೇ ಆ ಪೊಟ್ಟಣದಿಂದ.

ಈ ಬೇಸಿಗೆಯಲ್ಲಿ ನಾನೊಂದು ಮಾತು ಆಡಿಬಿಟ್ಟಿದ್ದೆ. "ಹಿಲ್ಕಾ, ಉಣ್ಣೆ ತಾಗಿದ್ರೆ ಮಗು ಕಾಲು ಕೆಂಪಗಾಗುತ್ತೆ. ಇನ್ಮೇಲೆ ಹತ್ತೀದೇ ಹಾಕ್ತೀನಿ." ಹಿಲ್ಕಾ ಕಿಟಕಿಯಾಚೆ ಸರೋವರ ನೋಡುತ್ತಾ "ಆಗಲಿ ಬಿಡು" ಅಂದಿದ್ದರು.

ನಾನು ಹೆಲ್ಸಿಂಕಿಯಲ್ಲಿ ಹುಟ್ಟಿ, ಅಲ್ಲೇ ಓದಿ, ಮದುವೆಯಾಗಿ ತಾಂಪೆರೆಗೆ ಬಂದವಳು. ನಮ್ಮ ಕಡೆ ಮಾತಿಗೆ ಒಂದೇ ಮುಖ. ಹಿಲ್ಕಾ ಸವೋ ಸೀಮೆಯವರು. ಸವೋದವರು ಬಾಯಿ ತೆರೆದರೆ ಅರ್ಥದ ಹೊಣೆ ಕೇಳಿದವರ ತಲೆಗೆ ಎಂದು ಗಾದೆಯೇ ಇದೆ. ಆ ಹೊಣೆ ಹೊತ್ತುಕೊಂಡು ಬೇಸಿಗೆಯಿಂದ ತಿರುಗುತ್ತಿದ್ದೇನೆ. ಸಿಟ್ಟು ಬಂದಿತ್ತೇ? ನೊಂದುಕೊಂಡರೇ? ಮೊಮ್ಮಗಳ ಕಾಲಿಗೆ ತನ್ನ ಹೆಣಿಗೆ ಬೇಡವಾಯಿತೆಂದು ಪೊಟ್ಟಣವನ್ನೇ ನಿಲ್ಲಿಸಿಬಿಟ್ಟರೇ?

"ಅಮ್ಮ ಸುಮ್ನಿದ್ದಾಳೆ ಅಂದ್ರೆ ಚೆನ್ನಾಗಿದ್ದಾಳೆ ಅಂತ" ಅಂದ ತುವೊಮಾಸ್, ರೈ ರೊಟ್ಟಿಗೆ ಬೆಣ್ಣೆ ಸವರುತ್ತಾ.

"ಮಾತಾಡಿದ್ರೆ?"

"ಆಗ್ಲೂ ಚೆನ್ನಾಗೇ ಇರ್ತಾಳೆ."

"ಒಂದ್ಸಲ ಫೋನ್ ಮಾಡ್ಲಾ?"

ಅವನ ಚಾಕು ನಿಂತಿತು. "ಫೋನಾ? ಯಾರಾದ್ರೂ ಸತ್ರಾ?"

ನಮ್ಮ ಮನೆಗಳಲ್ಲಿ ಹಾಗೆಯೇ. ಸಂದೇಶ ಕಳಿಸಿ, ಒಪ್ಪಿಗೆ ಪಡೆದು, ಹೊತ್ತು ಗೊತ್ತು ಮಾಡಿಕೊಂಡು ಮಾತಾಡಬೇಕು. ತಟ್ಟನೆ ಫೋನು ಬಾರಿಸುವುದೆಂದರೆ ಕದ ಒಡೆದು ಒಳಗೆ ನುಗ್ಗಿದ ಹಾಗೆ.

ಹಿಲ್ಕಾ ಮೂವತ್ತು ವರ್ಷ ಈಸಲ್ಮಿಯ ಸುತ್ತಲ ಹಳ್ಳಿಗಳಿಗೆ ಲೈಬ್ರರಿ ಬಸ್ಸು ಓಡಿಸಿದವರು. ಬಸ್ಸಿಗೆ ಅವರೇ ಡ್ರೈವರು, ಅವರೇ ಪುಸ್ತಕ ಕೊಡುವವರು, ಅವರೇ ಪೊಲೀಸು. ಬೆರಳಿಗೆ ಜಾಮ್ ಅಂಟಿಸಿಕೊಂಡು ಬಂದ ಮಕ್ಕಳು ಮೊದಲು ಹಿಮದಲ್ಲಿ ಕೈ ತಿಕ್ಕಿಕೊಂಡು ಬರಬೇಕಿತ್ತು. ಆ ಮಕ್ಕಳು ಈಗ ಊರಿನ ದೊಡ್ಡ ಮನುಷ್ಯರು. ಹಿಲ್ಕಾರನ್ನು ಅಂಗಡಿಯಲ್ಲಿ ಕಂಡರೆ ಈಗಲೂ ಕೈ ಬೆನ್ನ ಹಿಂದೆ ಹೋಗುತ್ತದೆ.

ಹಿಲ್ಕಾ ನಿವೃತ್ತರಾದ ವರ್ಷವೇ ಮಾವ ತೀರಿಕೊಂಡರು. ಆ ಚಳಿಗಾಲದಲ್ಲಿ ಹಿಲ್ಕಾ ಪೆಟ್ರೋಲ್ ಬಂಕಿನಲ್ಲಿ ಕೂತು ಕಾಫಿ ಕುಡಿಯುವುದನ್ನು ಕಲಿತರು. ಮನೆಯ ಕಾಫಿ ಇಬ್ಬರ ಅಳತೆಗೆ ಕೂತುಬಿಟ್ಟಿತ್ತು, ಒಬ್ಬರಿಗೆ ಮಾಡಿದರೆ ರುಚಿ ಕೆಡುತ್ತಿತ್ತು. ಒಂದು ಸಂಜೆ ಬಂಕಿಗೆ ಕೆಟ್ಟ ವ್ಯಾನೊಂದನ್ನು ನಾಲ್ಕು ಜನ ತಳ್ಳಿಕೊಂಡು ಬಂದರು. ಅದರಲ್ಲೊಬ್ಬಳು ಹುಡುಗಿ, ಒದ್ದೆ ಬೂಟು, ಹಲ್ಲು ಕಟಕಟ. ಹಿಲ್ಕಾ ಚೀಲದಿಂದ ಮಗನಿಗೆಂದು ಹೆಣೆದಿದ್ದ ಕಾಲುಚೀಲ ತೆಗೆದು ಎಸೆದರು.

"ಹಾಕ್ಕೋ. ಹಾಡೋರು ಕೆಮ್ಮಬಾರದು."

"ನಾನು ಹಾಡ್ತೀನಿ ಅಂತ ಹೇಗೆ ಗೊತ್ತಾಯ್ತು?"

"ವ್ಯಾನ್ ಮೇಲೆ ಬರ್ಕೊಂಡಿದ್ದೀರಲ್ಲ. ನಂಗೆ ಓದು ಬರುತ್ತೆ."

ಬರೆದದ್ದು 'ಕೈಸ್ಲಿಕ್ಕೊ' ಅಂತ. ಜೊಂಡಿನ ಮೆಳೆ. ಅಜ್ಜಿಯರ ಕಾಲದ ಹಾಡುಗಳಿಗೆ ಡ್ರಮ್ಮು ಕಟ್ಟಿ ಊರೂರು ತಿರುಗುವ ತಂಡ. ಹುಡುಗಿಯ ಹೆಸರು ಸೈಮಿ. ರಾತ್ರಿ ಊರಿನ ಸಭಾಂಗಣದಲ್ಲಿ ಅವರ ಕಛೇರಿ ಇದೆಯೆಂದು ತಿಳಿದು ಹಿಲ್ಕಾ ಅಲ್ಲಿಗೂ ಹೋದರು. ಹಾಡು ಕೇಳಲಿಕ್ಕಲ್ಲ. "ಹಾಕ್ಕೋ ಅಂದಿದ್ದೆ, ಇಟ್ಕೋ ಅಂದಿರ್ಲಿಲ್ಲ." ಕಾಲುಚೀಲ ವಾಪಸು ಕೇಳಲಿಕ್ಕೆ ಹೋದವರು, ಸೈಮಿ ಬೂಟಿಲ್ಲದೆ ಅದೇ ಕಾಲುಚೀಲದಲ್ಲಿ ವೇದಿಕೆಗೆ ಬಂದು, ಗಂಡನನ್ನು ಕಳಕೊಂಡವಳ ಹಳೆಯ ಹಾಡೊಂದನ್ನು ಎತ್ತಿಕೊಂಡಾಗ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತರು. ಹಾಲ್ ಗುಡಿಸುವವನು ಬಂದು ಎಬ್ಬಿಸಬೇಕಾಯಿತಂತೆ.

ಅಂದಿನಿಂದ ಸೈಮಿ ವೇದಿಕೆಯ ಮೇಲೆ ಬೂಟು ಹಾಕಿಲ್ಲ. ಪ್ರತಿ ತಿರುಗಾಟಕ್ಕೂ ಹಿಲ್ಕಾರ ಹೊಸ ಜೊತೆ ಹೋಗುತ್ತದೆ.

ಅಭಿಮಾನಿಗಳ ಬಳಗವೊಂದು ಅಂತರ್ಜಾಲದಲ್ಲಿ ಹುಟ್ಟಿದಾಗ ಅದರ ಯಜಮಾನಿಕೆಯೂ ಹಿಲ್ಕಾರಿಗೇ ಬಂತು. ನಾಲ್ಕು ಸಾವಿರ ಚಿಲ್ಲರೆ ಜನ. ಹಿಲ್ಕಾ ಅದನ್ನೂ ಬಸ್ಸಿನಂತೆಯೇ ಓಡಿಸಿದರು. ಗಾಯಕಿಯ ಮದುವೆಯ ಸುದ್ದಿ ಬೇಡ. ಡ್ರಮ್ಮಿನವನ ಹೊಟ್ಟೆಯ ಸುದ್ದಿ ಬೇಡ. ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ಬರೆಯಬೇಡಿ. ಯಾರಾದರೂ ಗೆರೆ ದಾಟಿದರೆ ಕಾಫಿ ಆರುವುದರೊಳಗೆ ಅವರ ಬರಹ ಮಾಯ, ಕೆಳಗೆ ಹಿಲ್ಕಾರ ಒಂದೇ ಸಾಲು: "ಅಳಿಸಿದ್ದೇನೆ. ಹೋಗಿ ಕಾಫಿ ಕುಡಿ." ನನ್ನನ್ನೂ ಮದುವೆಯ ವಾರದಲ್ಲೇ ಕೇಳದೆ ಬಳಗಕ್ಕೆ ಸೇರಿಸಿ ಮರೆತುಬಿಟ್ಟಿದ್ದರು. ನಾನು ಅಲ್ಲಿ ಒಂದಕ್ಷರವೂ ಬರೆದವಳಲ್ಲ. ಮಗು ಮಲಗಿದಾಗ ಓದುತ್ತೇನೆ, ಅಷ್ಟೆ.

ಮೊನ್ನೆಯೂ ಐಲಿ, ನಮ್ಮಲ್ಲಿನ ಎಲ್ಲ ಕೂಸುಗಳ ಹಾಗೆ, ಅಂಗಳದಲ್ಲಿ ತನ್ನ ಗಾಡಿಯಲ್ಲಿ ಬೆಚ್ಚಗೆ ಹೊದ್ದು ಮಲಗಿದ್ದಳು. ಹೊರಗೆ ಚಳಿ ಹದವಾಗಿ ಕಚ್ಚುತ್ತಿತ್ತು, ಒಳ್ಳೆಯ ನಿದ್ದೆಯ ಹವೆ. ನಾನು ಕಿಟಕಿಯಲ್ಲಿ ಕೂತು ಒಂದು ಕಣ್ಣು ಗಾಡಿಯ ಮೇಲೆ, ಒಂದು ಕಣ್ಣು ಬಳಗದ ಮೇಲೆ ಇಟ್ಟಿದ್ದೆ. ಯೊಯೆನ್ಸೂ ಊರಿನ ಕಛೇರಿಯ ಫೋಟೋ ಬಂದಿತ್ತು. ಸೈಮಿ ಕಾಂತೆಲೆಯನ್ನು ತೊಡೆಯ ಮೇಲಿಟ್ಟು, ಎಡಗಾಲು ಚಾಚಿ, ತಂತಿ ಮೀಟುತ್ತಿದ್ದಳು.

"ಎಡಗಾಲು ನೋಡಿ!" ಎಂದು ಮೊದಲು ಕೂಗಿದವಳು ಮಾರ್ಕೆಟ್ಟಾ, ಎಲ್ಲ ಕಛೇರಿಯಲ್ಲೂ ಮುಂದಿನ ಸಾಲು ಹಿಡಿಯುವವಳು. "ಹಿಮ್ಮಡಿ ಮೂಟೆ ಮೂಲೆ ಥರ ಚೂಪಾಗಿದೆ. ಕೆಂಪು ಎಳೆ ಸೊಟ್ಟ. ಇದು ಹಿಲ್ಕಾ ಹೆಣಿಗೆ ಅಲ್ವೇ ಅಲ್ಲ."

ಜೊಂಡುಗಪ್ಪೆ ಎಂದು ಹೆಸರಿಟ್ಟುಕೊಂಡ ಮಹಾಶಯ ಫೋಟೋವನ್ನು ಹಿಗ್ಗಿಸಿ, ಹಿಮ್ಮಡಿಗೊಂದು ಬಾಣದ ಗುರುತು ಹಾಕಿ ತಂದ. "ಬಲಗಾಲು ಅಸಲಿ, ಎಡಗಾಲು ನಕಲಿ. ಅಂದ್ರೆ ಸೈಮಿ ಒಂದು ಕಾಲು ಹೊಸ್ತಿಲಾಚೆ ಇಟ್ಟಾಗಿದೆ."

"ಅಯ್ಯೋ, ತಂಡ ಬಿಟ್ಟು ಹೋಗ್ತಾಳಾ? ಎಲ್ಲಿಗೆ?"

"ಸ್ವೀಡನ್‌ಗೆ. ಇನ್ನೆಲ್ಲಿಗೆ ಹೋಗ್ತಾರೆ ಹೋಗೋರು?"

"ಸ್ವೀಡನ್ನಲ್ಲಿ ಹಿಮ್ಮಡಿ ಚೂಪಾಗಿರುತ್ತಾ?"

"ನಮ್ಮ ಸೋದರತ್ತೆ ಅಲ್ಲೇ ಇರೋದು. ಚೂಪೇ."

"ಕಾಲುಚೀಲದ್ದಾ, ಸೋದರತ್ತೇದಾ?"

"ನಂಗೆ ನಿನ್ನೇನೇ ಕೆಟ್ಟ ಕನಸು ಬಿದ್ದಿತ್ತು" ಎಂದು ಇನ್ನೊಬ್ಬಳು. ಮಧ್ಯಾಹ್ನದ ಕಾಫಿಯ ಹೊತ್ತಿಗೆ ಸೈಮಿಗೆ ಸ್ವೀಡನ್ನಿನ ಗಂಡ ಸಿಕ್ಕಿದ್ದ, ಅವನಿಗೆ ಉಣ್ಣೆ ಗಿರಣಿ ಇತ್ತು, ಅವನ ತಾಯಿ ಜೋರಿನ ಹೆಂಗಸಾಗಿದ್ದಳು. ಮಾರ್ಕೆಟ್ಟಾ ಆ ತಾಯಿಯನ್ನು ಆಗಲೇ ದ್ವೇಷಿಸತೊಡಗಿದ್ದಳು.

ನಾನು ಒಬ್ಬಳೇ ಕೂತು ನಕ್ಕೆ. ಬೆಳೆದ ಜನ, ಕೆಲಸ ಬೊಗಸೆ ಇರುವವರು, ಕಾಲುಚೀಲದಲ್ಲಿ ಭವಿಷ್ಯ ಓದುತ್ತಿದ್ದಾರಲ್ಲ ಎಂದು. ನಕ್ಕಾದ ಮೇಲೆ, ಅತ್ತೆಯ "ಆಗಲಿ ಬಿಡು"ವಿನಲ್ಲಿ ದನಿ ಕೊನೆಗೆ ಏರಿತ್ತೋ ಇಳಿದಿತ್ತೋ ಎಂದು ನೆನಪು ಮಾಡಿಕೊಳ್ಳಲು ಕೂತೆ.

ಆಗ ತಟ್ಟನೆ ಹೊಳೆಯಿತು. ಸ್ವೀಡನ್ನಿನ ಗಂಡ, ಗಿರಣಿ, ಅವನ ತಾಯಿ ಎಲ್ಲ ಬಂದು ಹೋದರೂ ಹಿಲ್ಕಾರ "ಹೋಗಿ ಕಾಫಿ ಕುಡಿ" ಬಂದಿರಲಿಲ್ಲ. ಅದನ್ನು ಬಳಗವೂ ಗಮನಿಸಿತ್ತು, ತನ್ನದೇ ರೀತಿಯಲ್ಲಿ. "ಹಿಲ್ಕಾಗೂ ಗೊತ್ತು, ಅದಕ್ಕೇ ಬಾಯಿ ಬಿಡ್ತಿಲ್ಲ" ಎಂದು ಕಪ್ಪೆ. "ಪಾಪ, ಎದೆ ಒಡೆದಿರುತ್ತೆ" ಎಂದು ಮಾರ್ಕೆಟ್ಟಾ. ಸೈಮಿ ಯಾಕೆ ಬೇರೆಯವರ ಕಾಲುಚೀಲ ಹಾಕಿದಳು ಎಂದು ಎಲ್ಲರೂ ಕೇಳಿದರು. ಹಿಲ್ಕಾ ಯಾಕೆ ಹೆಣೆಯಲಿಲ್ಲ ಎಂದು ಒಬ್ಬರೂ ಕೇಳಲಿಲ್ಲ.

ಹಳೆಯ ಬರಹಗಳತ್ತ ಹೋದೆ. ಬೇಸಿಗೆಯವರೆಗೆ ಹಿಲ್ಕಾ ಉದ್ದುದ್ದ ಬರೆದಿದ್ದರು. ಆಮೇಲೆ ಗಿಡ್ಡ ಸಾಲು. ಆಮೇಲೆ "ಸರಿ". ಎಲೆ ಉದುರಿದ ಮೇಲೆ ಬರೀ ಹೆಬ್ಬೆರಳಿನ ಚಿತ್ರ.

ಐಲಿಯ ಮೊದಲ ಕಾಲುಚೀಲ ಡ್ರಾಯರಿನಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡೆ. ಹಿಲ್ಕಾ ಹೆಣೆಯುವುದನ್ನು ನಾನು ಕಂಡಿದ್ದೇನೆ. ಯಾವಾಗಲೂ ಬಲಗಾಲಿನದು ಮೊದಲು. ಅದು ಮುಗಿದ ಮೇಲೆ ಒಂದು ಲೋಟ ಕಾಫಿ. ಆಮೇಲೆ ಎಡಗಾಲಿನದು. ಸೈಮಿಯ ಬಲಗಾಲು ಅಸಲಿ. ಅಂದರೆ ಬಲಗಾಲಿನದಕ್ಕೂ ಎಡಗಾಲಿನದಕ್ಕೂ ನಡುವೆ ಎಲ್ಲೋ ಆ ಕೈ ನಿಂತಿದೆ.

ಒಂದು ಸಲ ಸೌನಾದ ಉಗಿಕೋಣೆಯ ಬಿಸಿಯಲ್ಲಿ ಕೂತು ಹಿಲ್ಕಾ ತಮ್ಮ ತಾಯಿಯ ಸಾವು ಹೇಳಿದ್ದರು. ಮೊದಲು ಕೈ ಹೋಯಿತು, ಆಮೇಲೆ ಮಾತು, ಆಮೇಲೆ ಅವರೇ. ಹವಾಮಾನ ಹೇಳಿದಷ್ಟೇ ದನಿಯಲ್ಲಿ.

ಕೆಲಸದಲ್ಲಿದ್ದ ತುವೊಮಾಸ್‌ಗೆ ಎಲ್ಲ ಬರೆದು ಕಳಿಸಿದೆ. "ಏನಾದ್ರೂ ಇದ್ರೆ ಅಮ್ಮ ಹೇಳ್ತಾಳೆ" ಎಂದು ಉತ್ತರ ಬಂತು.

"ಇಲ್ಲೀತನಕ ಏನಾದ್ರೂ ಹೇಳಿದ್ದಾರಾ?"

ಬಹಳ ಹೊತ್ತಾದ ಮೇಲೆ: "ಅಪ್ಪ ಸತ್ತಿದ್ದು ಹೇಳಿದ್ಲು."

ಹಿಲ್ಕಾರಿಗೆ "ಫೋನ್ ಮಾಡಬಹುದಾ?" ಎಂದು ಬರೆದೆ. ಅಳಿಸಿದೆ. ಹೆಬ್ಬೆರಳಿನ ಚಿತ್ರ ಬರುತ್ತದೆ, ಅದರ ಅರ್ಥ ಹುಡುಕುತ್ತಾ ಕ್ರಿಸ್‌ಮಸ್ಸಿನ ತನಕ ಕೂರುತ್ತೇನೆ. ಕೋಟು ಏರಿಸಿ ಅಂಗಳಕ್ಕೆ ಹೋದೆ. ಐಲಿ ಕೆನ್ನೆ ಕೆಂಪಗೆ ಮಾಡಿಕೊಂಡು ಮಲಗಿದ್ದಳು. ಗಾಡಿಯ ಹಿಡಿಕೆ ಹಿಡಿದು ನಿಂತು, ಮುನ್ಸೂಚನೆಯಿಲ್ಲದೆ, ಒಪ್ಪಿಗೆಯಿಲ್ಲದೆ ಅತ್ತೆಗೆ ಫೋನು ಮಾಡಿದೆ.

ಬಹಳ ಹೊತ್ತು ರಿಂಗಾಯಿತು.

"ಯಾರು ಸತ್ರು?" ಅಂದರು ಹಿಲ್ಕಾ.

"ಯಾರೂ ಇಲ್ಲ. ನಾನು."

"ಮಗು?"

"ನಿದ್ದೆ ಮಾಡ್ತಿದೆ. ಹಿಲ್ಕಾ, ಸೈಮಿ ಎಡಗಾಲಿನ ಹಿಮ್ಮಡಿ ಹೆಣೆದದ್ದು ಯಾರು?"

ಆ ಕಡೆ ರೇಡಿಯೋ ಸದ್ದು ನಿಂತಿತು. "ಓಹೋ. ನೀನೂ ಸ್ವೀಡನ್ ಪಾರ್ಟಿನಾ?"

"ಅಲ್ಲ. ನಾನು ನಿಮ್ಮ ಕೈ ಪಾರ್ಟಿ. ಏನಾಗಿದೆ ಕೈಗೆ?"

"ಎಸ್ಕೊ ಹೆಣೆದಿದ್ದು" ಅಂದರು, ಎರಡನೆಯ ಪ್ರಶ್ನೆ ಕೇಳದವರಂತೆ. ಎಸ್ಕೊ ಅವರ ಪಕ್ಕದ ಮನೆಯವನು, ಹಿಮ ತಳ್ಳುವ ಗಾಡಿ ಓಡಿಸಿ ನಿವೃತ್ತನಾದವನು. "ಸ್ಕೂಲಲ್ಲಿ ಕಲ್ತಿದ್ದೆ ಅಂದ. ಕಲ್ತಿರ್ಲಿಲ್ಲ. ಈಗ ಬಳಗದಲ್ಲಿ ಬರೋದನ್ನೆಲ್ಲ ಓದ್ಕೊಂಡು ಇಲ್ಲೇ ಕೂತಿದ್ದಾನೆ. ಮೂಟೆ ಅಂದ್ರಲ್ಲ, ಅದಕ್ಕೆ ಊಟ ಬಿಟ್ಟಿದ್ದಾನೆ."

"ಹಿಲ್ಕಾ. ಕೈ."

"ಮೂರು ಬೆರಳು ಮಲ್ಕೊಂಡಿವೆ. ಏಳ್ತವೆ."

"ಯಾವಾಗಿಂದ?"

"ಬೇಸಿಗೇಲಿ ಒಂದು ಮಲಗ್ತು. ಉಳಿದವು ಅದನ್ನ ನೋಡಿ ಕಲಿತ್ವು."

"ಡಾಕ್ಟರಿಗೆ ತೋರಿಸಿದ್ರಾ?"

"ಅವರಿಗೂ ಬೇರೆ ಕೆಲಸ ಇರುತ್ತೆ."

"ಮಾತು ತೊದಲುತ್ತಾ? ಬಾಯಿ ಒಂದು ಕಡೆ ಎಳೆಯುತ್ತಾ?"

"ಮಾತಾಡ್ತಿದ್ದೀನಲ್ಲ, ತೊದಲ್ತಿದ್ಯಾ?"

"ಇಲ್ಲ" ಅಂದೆ. ನನ್ನದೇ ತೊದಲುತ್ತಿತ್ತು. "ಯಾಕೆ ಹೇಳ್ಲಿಲ್ಲ ನಮಗೆ?"

"ಹತ್ತೀದೇ ಸಾಕು ಅಂದ್ಯಲ್ಲ ನೀನು. ಸದ್ಯ, ಮಗುವಿಗೆ ಹೆಣೆಯೋದು ತಪ್ತು, ಹೇಳೋದೂ ತಪ್ತು ಅಂತ ನೆಮ್ಮದಿಯಾಯ್ತು."

ಬೇಸಿಗೆಯಿಂದ ನಾನು ತೂಗಿ ನೋಡಿದ ಅರ್ಥಗಳಲ್ಲಿ ಇದೊಂದು ಇರಲೇ ಇಲ್ಲ.

"ಈಗಲೇ ಎಸ್ಕೊ ಗಾಡೀಲಿ ಆಸ್ಪತ್ರೆಗೆ ಹೋಗಿ" ಅಂದೆ. "ನಾಳೆಗೆ ಅಂತ ಇಟ್ಕೋಬೇಡಿ. ನಾನು ಸಂಜೆಯ ರೈಲಿಗೆ ಹೊರಟು ಐಲಿನ ಕಟ್ಕೊಂಡು ನೇರ ಅಲ್ಲಿಗೇ ಬರ್ತೀನಿ."

"ಅವನು ಊಟ ಬಿಟ್ಟಿದ್ದಾನೆ ಅಂದೆನಲ್ಲ. ಹಸಿದವನ ಕೈಗೆ ಗಾಡಿ ಕೊಡಬಾರದು."

"ಹಾಗಾದ್ರೆ ಅವನಿಗೆ ಏನಾದ್ರೂ ತಿನ್ನಿಸಿ, ಆಮೇಲೆ ಹೊರಡಿ."

ಚಮಚ ಎಲ್ಲೋ ಕೆಳಗೆ ಬಿದ್ದ ಸದ್ದು. ಅದನ್ನು ಎತ್ತಿಕೊಳ್ಳಲು ಅವರು ಒಂದು ಸಲ ತಡಕಾಡಿದರು, ಮತ್ತೊಂದು ಸಲ ತಡಕಾಡಿದರು, ಬಿಟ್ಟರು. ನನಗೆ ಎಲ್ಲ ಕೇಳಿಸುತ್ತಿತ್ತು.

"ಬರಬೇಡ ಅಂತ ನಾನೇನೂ ಅಂತಿಲ್ಲ" ಅಂದರು ಹಿಲ್ಕಾ, ತಗ್ಗಿದ ದನಿಯಲ್ಲಿ. "ಬೂಟು ತರ್ತೀನಿ ಅಂತ ಎಸ್ಕೊ ಎದ್ದ. ಹೋಗ್ತೀವಿ ನಾವು." ಆಮೇಲೆ, "ನಿಂಗೊಂದು ಕೆಲಸ ಇದೆ."

"ಹೇಳಿ."

"ಆ ಕಪ್ಪೆಗೊಂದು ಸಾಲು ಬರೀಬೇಕು. ನನ್ನ ಕೈಲಿ ಆಗ್ತಿಲ್ಲ."

ಹಿಲ್ಕಾ ತಮ್ಮ ಕೈಲಿ ಆಗುತ್ತಿಲ್ಲ ಎಂದದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಏನಂತ ಬರೀಲಿ?"

"ಗೊತ್ತಿಲ್ವಾ ನಿಂಗೆ? ಮದುವೆಯಾದಾಗಿಂದ ಓದ್ತಿದ್ದೀಯ ಕೂತ್ಕೊಂಡು. ಹೋಗಿ ಕಾಫಿ ಕುಡಿ ಅಂತ ಬರಿ."