ಉಳಿದ ತುಂಡು

ಪರೀಕ್ಷೆಯಲ್ಲಿ ಯಾವತ್ತೂ ಒಂದು ಅಂಕ ಹೆಚ್ಚಿಗೆ ಸಿಗದ ನನಗೆ ದೇವರು ಒಂದು ಎಲುಬು ಹೆಚ್ಚಿಗೆ ಕೊಟ್ಟಿದ್ದ. ಕುತ್ತಿಗೆಯ ಬುಡದಲ್ಲಿ ಒಂದು ಪಕ್ಕೆಲುಬು. ಹುಟ್ಟಿನಿಂದಲೂ ಇತ್ತಂತೆ. ಸುದ್ದಿ ತಿಳಿದ ದಿನ ಯರಗಟ್ಟಿ ಪೇಟೆಯ ತುಂಬ ಎದೆಯುಬ್ಬಿಸಿ ತಿರುಗಿದೆ.

ಅವ್ವ ಮಾತ್ರ ಬಾಯಿ ಮುಚ್ಚಿಸಿದಳು. "ನಿನ್ನ ನಾಲಿಗ್ಯಾಗ ಇಡಬೇಕಾಗಿದ್ದ ಎಲಬು ತಪ್ಪಿ ಕುತ್ತಿಗ್ಯಾಗ ಇಟ್ಟಾನ ಬಿಡೊ!"

ಎಲುಬು ಅಲ್ಲಿ ಸುಮ್ಮನೆ ಕೂತಿರಲಿಲ್ಲ, ನರ ಒತ್ತುತ್ತಿತ್ತು. ಬಲಗೈ ಜೋಮು ಹಿಡಿಯುತ್ತಿತ್ತು. ಬೈಲಹೊಂಗಲದಲ್ಲಿ ಗೆಳೆಯನ ನಿಶ್ಚಯದ ದಿನ ಬಡಿಸಲು ಹೋಗಿ, ಬೀಗರ ಬಿಳಿ ಧೋತರದ ಮೇಲೆ ಸಾರಿನ ಬಕೀಟನ್ನೇ ಕೈಬಿಟ್ಟೆ. ಮದುವೆ ಹೇಗೋ ಉಳಿಯಿತು, ಧೋತರ ಉಳಿಯಲಿಲ್ಲ. ಆಪರೇಷನ್ ಆಗಲೇಬೇಕೆಂದು ಎಲ್ಲರೂ ಕೂಡಿ ತೀರ್ಮಾನಿಸಿದರು.

ಬೆಳಗಾವಿಯ ಆಸ್ಪತ್ರೆಯಲ್ಲಿ ಪ್ರಜ್ಞೆ ತಪ್ಪಿಸುವ ಸೂಜಿ ಚುಚ್ಚುವಾಗಲೂ ನಾನು ಜೋಕು ಹೇಳುತ್ತಿದ್ದೆ. ಅರ್ಧಕ್ಕೇ ನಿದ್ದೆ ಬಂತು. ಉಳಿದರ್ಧ ಇವತ್ತಿಗೂ ಆ ಟೇಬಲ್ಲಿನ ಮೇಲೆಯೇ ಇರಬೇಕು. ಎಚ್ಚರಾದಾಗ ಎಲುಬು ಹೋಗಿತ್ತು. ಡಾಕ್ಟರು ಒಂದು ತಲೆದಿಂಬು ಕೊಟ್ಟು ಹೇಳಿದರು: "ಕೆಮ್ಮು ಬಂದ್ರ ಇದನ್ನ ಅಪ್ಪಿಕೊಳ್ರಿ. ಸ್ವಲ್ಪ ದಿನ ನಗಬ್ಯಾಡ್ರಿ."

ನಗಬೇಡವಂತೆ! ಮೀನಿಗೆ ಈಜಬೇಡ ಅಂದಂತೆ. ನಗುವಿನಲ್ಲಿ ಆರು ಬಗೆ ಎಂದು ಹಳೆಯ ಶಾಸ್ತ್ರದವರು ಲೆಕ್ಕ ಹಾಕಿದ್ದಾರೆ. ಹಲ್ಲು ಕಾಣದ ಮುಗುಳ್ನಗೆಯಿಂದ ಹಿಡಿದು, ಕಣ್ಣಲ್ಲಿ ನೀರು ಬಂದು ಪಕ್ಕೆ ಹಿಡಿದುಕೊಳ್ಳುವ ನಗುವಿನ ತನಕ. ಪಕ್ಕೆಲುಬನ್ನೇ ಕತ್ತರಿಸಿಕೊಂಡವನು ಏನು ಹಿಡಿದುಕೊಳ್ಳಬೇಕು ಎಂದು ಅವರು ಬರೆದಿಲ್ಲ.

ಇನ್ನು ನನ್ನ ಅಪ್ಪ. ಟೇಲರ್. ಗಿರಾಕಿಗಳ ಜೊತೆ ಮಾತಾಡಿದರೆ ಎದೆಯ ಅಳತೆ, ತೋಳಿನ ಅಳತೆ, ಅಷ್ಟೆ. ಊರಿನವರಿಗೆ ಎಲ್ಲ ಟೇಲರುಗಳ ಮೇಲೂ ಇರುವ ದೂರೇ ಅಪ್ಪನ ಮೇಲೂ ಇತ್ತು: "ಮಾಸ್ತರ, ಉಳದ ಅರಿವಿ ತುಂಡು ಎಲ್ಲೈತ್ರಿ?" ಆಗ ಅವನು ತಲೆ ಬಗ್ಗಿಸಿ ಮಷೀನು ತುಳಿಯುತ್ತಿದ್ದ. ಅಪ್ಪನಿಗೆ ತಮಾಷೆ ಗೊತ್ತೇ ಇಲ್ಲ ಎಂದುಕೊಂಡಿದ್ದೆ. ಮನೆಯಲ್ಲಿ ನನ್ನ ಮಾತಿನ ನಡುವೆ ಸೂಜಿ ಹಾಯುವಷ್ಟು ಸಂದು ಇರಲಿಲ್ಲವೆಂಬುದು ಹೊಳೆದೇ ಇರಲಿಲ್ಲ.

ಮನೆಗೆ ಬರುವ ದಿನ ಬಾಡಿಗೆ ಕಾರಿನಲ್ಲಿ ನಾನು ನೋವಿಗೆ ಸುಮ್ಮನಿದ್ದೆ. ಸಂದು ಸಿಕ್ಕಿತು. ಅಪ್ಪ ಕಿಟಕಿಯಾಚೆ ನೋಡುತ್ತಲೇ ಅಂದ:

"ಈ ಡಾಕ್ಟರೂ ನಮ್ಮಂಥಾವರ ನೋಡು ತಮ್ಮಾ. ಕತ್ತರಿಸಿದ್ರು, ಹೊಲದ್ರು, ಕೂಲಿನೂ ತಗೊಂಡ್ರು. ಉಳದ ತುಂಡು ಮಾತ್ರ ತಿರುಗಿ ಕೊಡಲಿಲ್ಲ!"

ಆರನೆಯ ಬಗೆಯ ನಗು ಒಮ್ಮೆಲೇ ನುಗ್ಗಿತು. ಹೊಲಿಗೆಗೆ ಬೆಂಕಿ ಹತ್ತಿದಂತಾಯಿತು. ದಿಂಬು ಕಚ್ಚಿ, ಮೋರೆ ಕಿವುಚಿ, "ಸುಮ್ನಿರಪ್ಪಾ!" ಎಂದು ಚೀರಿದೆ.

ಅಪ್ಪನ ಮುಖ ಸಣ್ಣದಾಯಿತು. ಡ್ರೈವರನಿಗೆ, "ಸಾವಕಾಶ ಹೊಡೀರಿ," ಅಂದ.

ಗಾಯ ಮಾಯಿತು, ಕೈಗೆ ಶಕ್ತಿ ಬಂತು. ಆ ಜೋಕು ಮಾತ್ರ ಮರಳಿ ಬರಲಿಲ್ಲ. "ಅವತ್ತ ಕಾರಿನ್ಯಾಗ ಏನೋ ಅಂದ್ಯಲ್ಲಪ್ಪಾ?" ಎಂದು ಎಷ್ಟು ಸಲ ಕೆಣಕಿದರೂ ಒಂದೇ ಉತ್ತರ: "ಸಾವಕಾಶ ಹೊಡೀರಿ ಅಂದಿದ್ದೆ."

ಮೊನ್ನೆ ಅಪ್ಪ ನನಗೊಂದು ಅಂಗಿ ಹೊಲಿದು ಮಂಚದ ಮೇಲಿಟ್ಟು ಅಂಗಡಿಗೆ ಹೋಗಿದ್ದ. ಹಾಕಿಕೊಂಡು ಕಿಸೆಗೆ ಕೈಯಿಟ್ಟರೆ ಅದೇ ಅರಿವೆಯ ಉಳಿದ ತುಂಡು, ಮಡಚಿ ಇಸ್ತ್ರಿ ಮಾಡಿದ್ದು.

ಮನೆ ಹಾರಿಹೋಗುವಂತೆ ನಕ್ಕೆ. ಕೇಳಲು ಯಾರೂ ಇರಲಿಲ್ಲ. ಈ ನಗುವನ್ನು ಅಪ್ಪನಿಗೆ ಮುಟ್ಟಿಸಬೇಕೆಂದು ಓಡಿದೆ. ಅಂಗಡಿ ಬರುವಷ್ಟರಲ್ಲಿ ನಗು ತೀರಿ ಬರೀ ಏದುಸಿರು ಉಳಿದಿತ್ತು. ಆದರೂ ತುಂಡನ್ನು ಎತ್ತಿ ಹಿಡಿದು ನಗಲು ನೋಡಿದೆ. ಎಂಥ ಮೋರೆಯಾಯಿತೋ ಏನೋ, ಅಪ್ಪ ಮಷೀನು ನಿಲ್ಲಿಸಿದ.

"ಯಾಕೋ, ಮತ್ತ ನೋವಾತೇನು?"

"ಇಲ್ಲಪ್ಪಾ, ನಗಾಕತ್ತೇನಿ."

"ಹಂಗಾದ್ರ ಕುಂದರು," ಎಂದು ಸ್ಟೂಲು ಸರಿಸಿ ಮತ್ತೆ ಮಷೀನು ತುಳಿಯತೊಡಗಿದ.

ದೇವರು ನಾಲಿಗೆಗೆ ಎಲುಬು ಕೊಡದಿದ್ದರೇನು, ಮುಂದೆ ಹಲ್ಲಿನ ಬೇಲಿಯನ್ನಾದರೂ ಹಾಕಿಕೊಟ್ಟಿದ್ದಾನೆ. ಅದನ್ನು ಮುಚ್ಚಿಕೊಂಡು ಕುಳಿತೆ, ಅಪ್ಪನಿಗೆ ಮತ್ತೇನಾದರೂ ಹೊಳೆದೀತೆಂದು.